ಮಾಡಿದವನು ಪೈಲಟ್, ಉಣ್ಣುವುದು ಎಂಜಿನ್

ಕಂಪ್ಯೂಟರಿನ ಪರದೆಯ ಮೇಲೆ ಹಾರುವ ವಿಮಾನಕ್ಕೆ ಬಹುಕಾಲ ನಿನ್ನೆ ಎಂಬುದೇ ಇರಲಿಲ್ಲ. ಇವತ್ತು ಸಂಜೆ ಎಂಜಿನ್ನು ಕಾದು ಕೆಂಡವಾಗುವಂತೆ ದುಡಿಸಿ, ಎಣ್ಣೆ ಬತ್ತಿಸಿ, ಕೊನೆಗೆ ಗುಡ್ಡಕ್ಕೇ ಗುದ್ದಿಸಿ ಎದ್ದು ಹೋದರೂ ನಾಳೆ ಅದೇ ವಿಮಾನ ದಿಬ್ಬಣ ಹೊರಟ ಮದುಮಗನ ಹಾಗೆ ಮಿರಿಮಿರಿ ಮಿಂಚುತ್ತ ರನ್‌ವೇಯ ತುದಿಯಲ್ಲಿ ನಿಂತಿರುತ್ತಿತ್ತು. ಮಾಡಿದ ತಪ್ಪೆಲ್ಲ ರಾತ್ರೋರಾತ್ರಿ ಮಾಯ. ಇದು ತೀರಾ ಸಪ್ಪೆ ಎನ್ನುವವರಿಗೆ ಬೇರೊಂದು ಏರ್ಪಾಟು ಇತ್ತು. 2006ರ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಎಕ್ಸ್‌ನಲ್ಲಿ ಯಾವ ಭಾಗ ಕೆಡಬೇಕು, ಎಷ್ಟು ನಿಮಿಷದಿಂದ ಎಷ್ಟು ನಿಮಿಷದೊಳಗೆ ಕೆಡಬೇಕು ಎಂದು ಮೊದಲೇ ಬರೆದಿಟ್ಟರೆ ಆ ಅವಧಿಯ ಯಾವುದೋ ಒಂದು ಗಳಿಗೆಯಲ್ಲಿ ಎಂಜಿನ್ ಕೈಕೊಡುತ್ತಿತ್ತು. ಎಕ್ಸ್-ಪ್ಲೇನ್ ಎಂಬ ಇನ್ನೊಂದು ಸಿಮ್ಯುಲೇಟರಿನಲ್ಲಿ ಸರಾಸರಿ ಎಷ್ಟು ಗಂಟೆಗೊಮ್ಮೆ ಏನಾದರೂ ಕೆಡಲಿ ಎಂದು ಹೇಳಿದರೆ ಸಾಕು, ಉಳಿದದ್ದನ್ನು ದಾಳ ನೋಡಿಕೊಳ್ಳುತ್ತದೆ. ಪೈಲಟ್ ಎಂಜಿನ್ನನ್ನು ಮಗುವಿನಂತೆ ನೋಡಿಕೊಂಡನೋ ಗಾಣದೆತ್ತಿನಂತೆ ದುಡಿಸಿದನೋ, ದಾಳಕ್ಕೆ ಅದರ ಗೊಡವೆಯಿಲ್ಲ.

ಭಾರತೀಯ ದರ್ಶನಗಳನ್ನು ಅಷ್ಟಿಷ್ಟು ಓದಿದವರಿಗೆ ಈ ಎರಡೂ ಏರ್ಪಾಟುಗಳಲ್ಲಿ ಹಳೆಯ ಗುರುತಿನ ಮುಖಗಳು ಕಾಣಬೇಕು. ಒಂದರ ಹೆಸರು ಕೃತನಾಶ: ಮಾಡಿದ್ದು ಫಲ ಕೊಡದೆ ಅಳಿದುಹೋಗುವುದು. ಇನ್ನೊಂದು ಅಕೃತಾಭ್ಯಾಗಮ: ಮಾಡದೇ ಇದ್ದದ್ದು ಬಂದು ಮೈಮೇಲೆ ಬೀಳುವುದು. ವೈದಿಕರು, ಜೈನರು, ಬೌದ್ಧರು ನೂರೆಂಟು ವಿಷಯಕ್ಕೆ ಜಗಳವಾಡಿದ್ದಾರೆ. ಆದರೆ ಎದುರಾಳಿಯ ಸಿದ್ಧಾಂತದಲ್ಲಿ ಇವೆರಡರಲ್ಲೊಂದು ದೋಷವನ್ನು ತೋರಿಸಿದರೆ ವಾದ ಗೆದ್ದಂತೆಯೇ ಎಂಬಲ್ಲಿ ಮಾತ್ರ ಎಲ್ಲರದೂ ಒಂದೇ ಮಾತು. (ಚಾರ್ವಾಕರು ಈ ಲೆಕ್ಕದಲ್ಲಿ ಸೇರುವುದಿಲ್ಲ, ಅವರಿಗೆ ಎರಡೂ ದೋಷವಲ್ಲ, ಲೋಕ ಇರುವುದೇ ಹಾಗೆ.) ಪ್ರತಿ ಹಾರಾಟಕ್ಕೂ ಹೊಸದಾಗಿ ಹುಟ್ಟುವ ವಿಮಾನ ಕೃತನಾಶದ ಜಗತ್ತಿನದು. ದಾಳದ ಲೆಕ್ಕಕ್ಕೆ ಕೆಡುವ ವಿಮಾನ ಅಕೃತಾಭ್ಯಾಗಮದ ಜಗತ್ತಿನದು. ಎರಡರಲ್ಲೂ ಹಾರುವವರಿಗೆ ಏನೋ ಕೊರೆ ಅನಿಸುತ್ತಿತ್ತು. ಎಂಜಿನ್ ನಿಂತಾಗ ಬೆಚ್ಚಿಬೀಳುತ್ತಿದ್ದರು, ನಿಜ. ಆದರೆ 'ಅಯ್ಯೋ, ನಾನೇ ಹೀಗೆ ಮಾಡಿಕೊಂಡೆನಲ್ಲ' ಎಂಬ ಸಂಕಟಕ್ಕೆ ಅಲ್ಲಿ ಜಾಗ ಇರಲಿಲ್ಲ.

ಆ ಸಂಕಟವನ್ನು ತಂದುಕೊಟ್ಟವರಲ್ಲಿ ಅಮೆರಿಕದ ಎಟುಎ ಸಿಮ್ಯುಲೇಷನ್ಸ್ ಎಂಬ ಸಣ್ಣ ಸಂಸ್ಥೆ ಮುಖ್ಯವಾದದ್ದು. ಅವರ 'ಆಕ್ಯು-ಸಿಮ್' ಪದ್ಧತಿಯ ವಿಮಾನಗಳು ತಮಗಾದದ್ದನ್ನು ನೆನಪಿಟ್ಟುಕೊಳ್ಳುತ್ತವೆ. ಎಣ್ಣೆ ಎಷ್ಟು ಸುಟ್ಟಿತು, ಸಿಲಿಂಡರ್ ಎಷ್ಟು ಬಿಸಿಯಾಯಿತು, ತಣ್ಣಗಿದ್ದ ಎಂಜಿನ್ನನ್ನು ಬೆಚ್ಚಗಾಗಲು ಬಿಡದೆ ಪೂರ್ತಿ ಶಕ್ತಿಗೆ ಏರಿಸಿದರೋ ಹೇಗೆ, ಇದೆಲ್ಲ ಒಂದು ಹಾರಾಟದಿಂದ ಮುಂದಿನದಕ್ಕೆ ದಾಟಿ ಬರುತ್ತದೆ. ಅವರು 2023ರಲ್ಲಿ ಹೊರತಂದ ಪೈಪರ್ ಕಮಾಂಚಿ 250 ವಿಮಾನವನ್ನೇ ನೋಡಬಹುದು. ಅಸಲಿ ಕಮಾಂಚಿಯದು ಲೈಕಮಿಂಗ್ ಕಂಪನಿಯ ಆರು ಸಿಲಿಂಡರಿನ, 250 ಅಶ್ವಶಕ್ತಿಯ, ಗಾಳಿಯಿಂದಲೇ ತಣಿಯುವ ಎಂಜಿನ್. ಪರದೆಯ ಮೇಲಿನ ಕಮಾಂಚಿಯನ್ನು ಒಬ್ಬ ಒಂದು ತಿಂಗಳು ಒರಟಾಗಿ ಹಾರಿಸಿದ ಎಂದಿಟ್ಟುಕೊಳ್ಳಿ. ಯಾವ ದಿನವೂ ಏನೂ ಆಗುವುದಿಲ್ಲ. ಎರಡನೆಯ ತಿಂಗಳ ಒಂದು ಬೆಳಗ್ಗೆ ಎಂಜಿನ್ ಎಂದಿನಂತೆ ಎಳೆಯುವುದಿಲ್ಲ. ಆ ದಿನ ಅವನು ಮಾಡಿದ ತಪ್ಪೇನೂ ಇಲ್ಲ.

ಇಲ್ಲಿ ಒಂದು ಪ್ರಶ್ನೆ ತಲೆಯೆತ್ತುತ್ತದೆ. ಮೊನ್ನೆಯ ತಪ್ಪು ಮೊನ್ನೆಯೇ ಮುಗಿಯಿತು, ಫಲ ಬಂದದ್ದು ಇವತ್ತು. ನಡುವಿನ ದಿನಗಳಲ್ಲಿ ಆ ತಪ್ಪು ಎಲ್ಲಿ ಕೂತಿತ್ತು?

ಕಂಪ್ಯೂಟರಿನ ಮಟ್ಟಿಗೆ ಉತ್ತರ ಸುಲಭ. ಹಾರ್ಡ್ ಡಿಸ್ಕಿನ ಒಂದು ಕಡತದಲ್ಲಿ, ಕೆಲವು ಅಂಕಿಗಳಾಗಿ. ಮೀಮಾಂಸಕರಿಗೆ ಈ ಸೌಲಭ್ಯ ಇರಲಿಲ್ಲ. ಸ್ವರ್ಗ ಬೇಕೆಂದು ಯಜ್ಞ ಮಾಡುತ್ತಾರೆ. ಹೊಗೆ ಆರುತ್ತದೆ, ಬೂದಿ ತಣ್ಣಗಾಗುತ್ತದೆ, ಯಜಮಾನ ಇನ್ನೂ ಮೂವತ್ತು ವರ್ಷ ಬದುಕಿ ಸಾಯುತ್ತಾನೆ. ಎಂದೋ ಮುಗಿದುಹೋದ ಕ್ರಿಯೆ ಇನ್ನೂ ಬಾರದ ಫಲಕ್ಕೆ ಕಾರಣ ಹೇಗಾದೀತು? ಶಬರಸ್ವಾಮಿ, ಆಮೇಲೆ ಕುಮಾರಿಲಭಟ್ಟ ಕೊಟ್ಟ ಉತ್ತರ 'ಅಪೂರ್ವ': ಕ್ರಿಯೆಯಿಂದ ಹುಟ್ಟಿ ಫಲ ಬರುವ ತನಕ ಕಾದು ಕೂರುವ, ಕಣ್ಣಿಗೆ ಬೀಳದ ಒಂದು ಶಕ್ತಿ. ನೈಯಾಯಿಕರು ಇದನ್ನೇ ಹೋಲುವ ಇನ್ನೊಂದನ್ನು 'ಅದೃಷ್ಟ' ಎಂದರು. ಅದೃಷ್ಟವೆಂದರೆ ಕಾಣದ್ದು ಎಂದಷ್ಟೇ ಅವರ ಅರ್ಥ. ಲಾಟರಿ ಅಂಗಡಿಯವರೆಗೆ ಬರುವ ಹೊತ್ತಿಗೆ ಆ ಪದ ತನ್ನ ಮೂಲದ ತಲೆಕೆಳಗಾಗಿ ನಿಂತದ್ದು ಕನ್ನಡದ ಒಂದು ತಮಾಷೆ. ಮಾಡಿದ್ದರ ಫಲಕ್ಕೆ ಇದ್ದ ಹೆಸರು ಏನೂ ಮಾಡದೆ ಸಿಕ್ಕಿದ್ದಕ್ಕೆ ಅಂಟಿಕೊಂಡಿತು. ಬೌದ್ಧರ ಒಂದು ಪಂಗಡ ಕರ್ಮವನ್ನು ಸಾಲಪತ್ರಕ್ಕೆ ಹೋಲಿಸಿತು: ದುಡ್ಡು ಕೈಬಿಟ್ಟು ಹೋದರೂ ಓಲೆ ಉಳಿಯುತ್ತದೆ, ಓಲೆ ಇರುವ ತನಕ ಸಾಲ ಇರುತ್ತದೆ. ನಾಗಾರ್ಜುನ ಇದನ್ನು ಎತ್ತಿಕೊಂಡು ಪರೀಕ್ಷಿಸಿ ಒಪ್ಪದೆ ಬಿಟ್ಟ. ಅದೇನೇ ಇದ್ದರೂ ಆಕ್ಯು-ಸಿಮ್‌ನ ಕಡತಕ್ಕೆ ಇಷ್ಟು ಹತ್ತಿರದ ಉಪಮೆ ಇನ್ನೊಂದು ಸಿಗಲಾರದು.

ಆದರೆ ಎಂಜಿನ್ನಿನ ಒಳಗೆ ಕೈಹಾಕಿ ನೋಡಿದವರಿಗೆ ಈ ಎಲ್ಲ ಉತ್ತರಗಳಿಗಿಂತ ಜೈನರದ್ದೇ ಹೆಚ್ಚು ಹಿಡಿಸೀತು.

ಜೈನರ ಪ್ರಕಾರ ಕರ್ಮ ಶಕ್ತಿಯೂ ಅಲ್ಲ, ಓಲೆಯೂ ಅಲ್ಲ, ವಸ್ತು. ಪುದ್ಗಲ. ಮನಸ್ಸು, ಮಾತು, ಮೈ ಅಲುಗಿದಾಗಲೆಲ್ಲ ಅತಿ ಸೂಕ್ಷ್ಮವಾದ ಕಣಗಳು ಜೀವದ ಕಡೆಗೆ ಹರಿದು ಬರುತ್ತವೆ, ಅದು ಆಸ್ರವ. ಕೋಪ, ಗರ್ವ, ಕಪಟ, ಲೋಭ ಎಂಬ ಕಷಾಯಗಳು ಅಂಟಿನ ಹಾಗೆ ಅವನ್ನು ಹಿಡಿದುಕೊಳ್ಳುತ್ತವೆ, ಅದು ಬಂಧ. ಅಂಟಿಲ್ಲದಿದ್ದರೆ ಒಣಗೋಡೆಗೆ ಎರಚಿದ ಧೂಳಿನಂತೆ ಉದುರಿ ಹೋಗುತ್ತವೆ. ಈಗ ವಿಮಾನದ ಪೆಟ್ರೋಲಿಗೆ ಬನ್ನಿ. ಸಣ್ಣ ವಿಮಾನಗಳು ಬಳಸುವ '100 ಎಲ್‌ಎಲ್' ಎಂಬ ಪೆಟ್ರೋಲಿನಲ್ಲಿ ಇವತ್ತಿಗೂ ಸೀಸ ಇದೆ, ಲೀಟರಿಗೆ ಅರ್ಧ ಗ್ರಾಂಗಿಂತ ತುಸು ಹೆಚ್ಚೇ ಇರಬಹುದು. ಎಂಜಿನ್ ಚೆನ್ನಾಗಿ ಬಿಸಿಯಾಗಿ ದುಡಿಯುತ್ತಿದ್ದರೆ ಪೆಟ್ರೋಲಿಗೇ ಬೆರೆಸಿರುವ ಇನ್ನೊಂದು ರಾಸಾಯನಿಕ ಆ ಸೀಸವನ್ನು ಹೊಗೆಯ ಜೊತೆ ಹೊರಗೆ ಸಾಗಿಸುತ್ತದೆ. ಪೈಲಟ್ ಸೋಮಾರಿಯಾಗಿ, ಗಾಳಿಗೆ ತಕ್ಕದ್ದಕ್ಕಿಂತ ಜಾಸ್ತಿ ಪೆಟ್ರೋಲ್ ಕುಡಿಸುತ್ತ, ಎಂಜಿನ್ನನ್ನು ನೆಲದ ಮೇಲೆ ಮೆಲ್ಲಗೆ ತಿರುಗಲು ಬಿಟ್ಟು ಕೂತರೆ ಸೀಸ ಹೊರಗೆ ಹೋಗದು. ಸ್ಪಾರ್ಕ್ ಪ್ಲಗ್ಗಿನ ಮೇಲೆ ಸಣ್ಣ ಸಣ್ಣ ಮಣಿಗಳಾಗಿ ಕೂರುತ್ತದೆ. ಮುಂದೊಂದು ದಿನ ಕಿಡಿ ಹಾರುವ ಸಂದಿನಲ್ಲಿ ಒಂದು ಮಣಿ ಸಿಕ್ಕಿಕೊಂಡು ಆ ಪ್ಲಗ್ ಕುರುಡಾಗುತ್ತದೆ. ಆಸ್ರವ, ಬಂಧ, ಕೊನೆಗೆ ಫಲ ತೋರುವ ಉದಯ, ಮೂರೂ ಆದವು. ಮೆಕ್ಯಾನಿಕ್ ಪ್ಲಗ್ ಬಿಚ್ಚಿ ಮೊನಚು ಕಡ್ಡಿಯಿಂದ ಮಣಿ ಕೆರೆದು ತೆಗೆಯುವುದನ್ನು ನಿರ್ಜರೆ, ಅಂದರೆ ಅಂಟಿದ ಕರ್ಮ ಕಳಚುವುದು, ಎಂದರೆ ಯಾವ ಪಂಡಿತರೂ ಆಕ್ಷೇಪಿಸಲಾರರು, ಆಕ್ಷೇಪಿಸಿದರೂ ನಗುತ್ತಲೇ ಆಕ್ಷೇಪಿಸಿಯಾರು.

ಈ ಹೋಲಿಕೆ ಬರಿಯ ಚಮತ್ಕಾರದ ಮಾತಲ್ಲ, ಏಕೆಂದರೆ ಜೈನರು ಉಪಮೆ ಕೊಟ್ಟು ಸುಮ್ಮನಾದವರಲ್ಲ, ಲೆಕ್ಕ ಬರೆದವರು. ಆ ಲೆಕ್ಕದ ಒಂದು ದೊಡ್ಡ ಪುಸ್ತಕ ಹುಟ್ಟಿದ್ದು ಕರ್ನಾಟಕದ ನಂಟಿನಲ್ಲಿ. ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಗಂಗರ ಮಂತ್ರಿ ಚಾವುಂಡರಾಯನಿಗಾಗಿ ಆಚಾರ್ಯ ನೇಮಿಚಂದ್ರರು ಹತ್ತನೆಯ ಶತಮಾನದಲ್ಲಿ ಪ್ರಾಕೃತದಲ್ಲಿ 'ಗೊಮ್ಮಟಸಾರ' ಬರೆದರು. ಅದರ ಎರಡು ಭಾಗಗಳಲ್ಲಿ ಒಂದರ ಹೆಸರೇ ಕರ್ಮಕಾಂಡ. ಮುಂದೆ ಕೇಶವವರ್ಣಿ ಅದಕ್ಕೆ ಕನ್ನಡದಲ್ಲೇ ವೃತ್ತಿ ಬರೆದರು. ಆ ಗ್ರಂಥಕ್ಕೆ ಮೂಲವಾದ ಷಟ್ಖಂಡಾಗಮದ ತಾಳೆಗರಿಗಳನ್ನು ಶತಮಾನಗಳ ಕಾಲ ಕಾಪಾಡಿದ್ದು ಮೂಡುಬಿದಿರೆ. ಕರ್ಮಕಾಂಡದಲ್ಲಿ ಕರ್ಮದ ಮೂಲ ಬಗೆ ಎಂಟು, ಒಳಬಗೆ 148. ಅಂಟಿಕೊಂಡ ಪ್ರತಿ ಕರ್ಮಕ್ಕೂ ನಾಲ್ಕು ಗುರುತು: ಪ್ರಕೃತಿ, ಅಂದರೆ ಯಾವ ಜಾತಿಯದು, ಸ್ಥಿತಿ, ಎಷ್ಟು ಕಾಲ ಇರುತ್ತದೆ, ಅನುಭಾಗ, ಎಷ್ಟು ತೀವ್ರ, ಪ್ರದೇಶ, ಎಷ್ಟು ಪ್ರಮಾಣ. ಎಂಜಿನ್ನಿನ ಸವೆತವನ್ನು ಕಂಪ್ಯೂಟರಿಗೆ ಹೇಳಿಕೊಡಲು ಕೂತ ಪ್ರೋಗ್ರಾಮರ್ ಕೂಡ ಮೊದಲು ಎಳೆಯುವುದು ಇವೇ ನಾಲ್ಕು ಗೆರೆಗಳನ್ನು. ಯಾವ ಭಾಗ, ಎಷ್ಟು ಹೊತ್ತು, ಎಷ್ಟು ಗಂಭೀರ, ಎಷ್ಟು ಭಾಗಕ್ಕೆ ತಗುಲಿದೆ. ಇನ್ನೂ ಸೊಗಸಾದದ್ದು ಕರ್ಮದ ದಶೆಗಳ ಪಟ್ಟಿ. ಅಂಟಿದೆ ಆದರೆ ಇನ್ನೂ ತೋರಿಲ್ಲ ಎನ್ನುವುದು ಸತ್ತ್ವ. ತೋರಿ ಫಲ ಕೊಡುತ್ತಿರುವುದು ಉದಯ. ಕಾಲಕ್ಕೆ ಮೊದಲೇ ಎಳೆದು ತಂದು ಮುಗಿಸಿಬಿಡುವುದು ಉದೀರಣ. ಒಂದು ಬಗೆ ಇನ್ನೊಂದಾಗಿ ಮಾರ್ಪಡುವುದು ಸಂಕ್ರಮಣ. ಯಾವ ಉಪಾಯಕ್ಕೂ ಜಗ್ಗದೆ ಉಂಡೇ ತೀರಬೇಕಾದದ್ದು ನಿಕಾಚಿತ. ಎಂಜಿನ್ನಿಗೆ ಅನ್ವಯಿಸಿದರೆ ಕ್ರ್ಯಾಂಕ್‌ಶಾಫ್ಟಿನ ಬಿರುಕು ನಿಕಾಚಿತ, ಸ್ಪಾರ್ಕ್ ಪ್ಲಗ್ಗಿನ ಸೀಸ ಅಲ್ಲ.

ಒಂದು ಕಡೆ ಮಾತ್ರ ಎಂಜಿನ್ ಜೈನರ ಕೈಬಿಟ್ಟು, ಸುಮ್ಮನೆ ಕೂತ ಮಾತ್ರಕ್ಕೆ ಕರ್ಮದಿಂದ ಬಿಡುಗಡೆಯಿಲ್ಲ ಎನ್ನುವ ಭಗವದ್ಗೀತೆಯ ಪಕ್ಷ ಸೇರುತ್ತದೆ. ಅಲುಗಾಟವೇ ಆಸ್ರವಕ್ಕೆ ದಾರಿ ಎಂದಾದರೆ ಅಲುಗದೆ ನಿಂತ ವಿಮಾನಕ್ಕೆ ಯಾವ ದೋಷವೂ ತಟ್ಟಬಾರದು. ಆದರೆ ಹಾರದೆ ಹ್ಯಾಂಗರಿನಲ್ಲಿ ನಿಂತ ಎಂಜಿನ್ ದುಡಿಯುವ ಎಂಜಿನ್ನಿಗಿಂತ ಬೇಗ ಹಾಳಾಗುವುದುಂಟು. ಲೈಕಮಿಂಗ್ ಎಂಜಿನ್ನುಗಳಲ್ಲಿ ಕ್ಯಾಮ್‌ಶಾಫ್ಟ್ ಇರುವುದು ಮೇಲುಗಡೆ. ವಾರಗಟ್ಟಲೆ ತಿರುಗದಿದ್ದರೆ ಅದರ ಮೈಮೇಲಿನ ಎಣ್ಣೆ ಇಳಿದು ಹೋಗಿ, ತೇವ ತಗುಲಿ, ತುಕ್ಕಿನ ಚುಕ್ಕೆ ಮೂಡುತ್ತದೆ. ಆಮೇಲೆ ಓಡಿಸಿದಾಗ ಆ ಚುಕ್ಕೆಯಿಂದಲೇ ಲೋಹ ಹಕ್ಕಳೆ ಏಳುತ್ತದೆ. ಏನೂ ಮಾಡದೆ ಕೂತವನಿಗೂ ಲೆಕ್ಕ ಚುಕ್ತಾ ಆಗಲಿಲ್ಲ.

ನೆನಪಿಟ್ಟುಕೊಳ್ಳುವ ವಿಮಾನ ಬಂದ ಮೇಲೆ ಎಲ್ಲ ಸರಿಹೋಯಿತೇ ಎಂದರೆ, ಅಲ್ಲಿಂದಲೇ ಹೊಸ ಜಗಳ ಶುರು. ಯಾವ ಕ್ರಿಯೆಗೆ ಯಾವ ಫಲ ಎಂದು ಬರೆಯುವವರು ಯಾರು? ಎರಡನೆಯ ಮಹಾಯುದ್ಧದ ಪಿ-51 ಮಸ್ಟಾಂಗ್ ವಿಮಾನದ ಕೈಪಿಡಿ ನೋಡಿ. ಎಂಜಿನ್ನಿಗೆ ತುರುಕುವ ಗಾಳಿಯ ಒತ್ತಡ 61 ಅಂಗುಲ ಪಾದರಸದಷ್ಟಿದ್ದರೆ 15 ನಿಮಿಷ, ಯುದ್ಧದ ತುರ್ತಿಗೆ 67 ಅಂಗುಲಕ್ಕೆ ಏರಿಸಿದರೆ 5 ನಿಮಿಷ, ಅಷ್ಟೇ. ಐಎಲ್-2 ಸರಣಿಯ 'ಗ್ರೇಟ್ ಬ್ಯಾಟಲ್ಸ್' ಆಟದಲ್ಲಿ ಇಂಥ ಮಿತಿಗಳನ್ನು ಗಡಿಯಾರದಂತೆ ಓದಿದ ಕಾಲವೊಂದಿತ್ತು. ಸಮಯ ಮೀರಿ ಸ್ವಲ್ಪ ಹೊತ್ತಾಯಿತೋ ಇಲ್ಲವೋ, ಎಂಜಿನ್ನಿಗೆ ಪೆಟ್ಟು. ಹಾರುವವರಲ್ಲಿ ಹಲವರು ಸಿಡಿಮಿಡಿಗೊಂಡರು. ಅವರ ತಕರಾರು ನ್ಯಾಯವಾದದ್ದೇ. ಕೈಪಿಡಿಯ 5 ನಿಮಿಷ ಲೋಹದ ಒಳಗಿಂದ ಬಂದದ್ದಲ್ಲ. ಎಂಜಿನ್ನಿನ ಬಾಳಿಕೆ, ಮತ್ತೆ ಬಿಚ್ಚಿ ಕಟ್ಟುವ ಖರ್ಚು, ಯುದ್ಧಕಾಲದ ಬಿಡಿಭಾಗಗಳ ಕೊರತೆ ಇವನ್ನೆಲ್ಲ ತೂಗಿ, ಅದರ ಮೇಲೊಂದಿಷ್ಟು ಎಚ್ಚರಿಕೆ ಸೇರಿಸಿ ಮನುಷ್ಯರು ಬರೆದ ಅಂಕಿ ಅದು. ಐದು ನಿಮಿಷ ಒಂದು ಸೆಕೆಂಡಿಗೆ ಕೊಂಡಿ ಕಳಚುವುದಿಲ್ಲ.

ಧರ್ಮಶಾಸ್ತ್ರ ಓದುವವರು ವಿಧಿ ಬೇರೆ, ಫಲ ಬೇರೆ ಎನ್ನುವಾಗ ಹೇಳುತ್ತಿರುವುದು ಇದನ್ನೇ. ಸ್ನಾನ ಮಾಡದೆ ಉಣ್ಣಬೇಡ ಎಂಬುದು ಒಂದು ಕಟ್ಟಳೆ. ವಿಷ ಉಂಡರೆ ಸಾಯುತ್ತೀ ಎಂಬುದು ಇನ್ನೊಂದು ಜಾತಿಯ ಮಾತು. ಧರ್ಮದ ಹೆಸರಿನಲ್ಲಿ ನಡೆದ ಎಷ್ಟೋ ಅನ್ಯಾಯಗಳ ಬೇರು ಮೊದಲನೆಯದನ್ನು ಎರಡನೆಯದೆಂದು ನಂಬಿಸಿದ್ದರಲ್ಲಿದೆ. ಕಟ್ಟಳೆ ಮುರಿದವರಿಗೆ ಪ್ರಕೃತಿಯೇ ಶಿಕ್ಷೆ ಕೊಡುತ್ತದೆ ಎಂದರೆ ಕಟ್ಟಳೆ ಬರೆದವರನ್ನು ಯಾರೂ ಪ್ರಶ್ನಿಸುವಂತಿಲ್ಲವಲ್ಲ! ಗಡಿಯಾರದ ಎಂಜಿನ್ ಅದೇ ತಪ್ಪಿನ ನಿರುಪದ್ರವಿ ಮಾದರಿ.

ಹಾಗೆಂದು ಪ್ರೋಗ್ರಾಮರನನ್ನು ಬೈಯುವುದೂ ಪೂರ್ತಿ ಸರಿಯಲ್ಲ, ಏಕೆಂದರೆ ಲೋಹದ ನಿಯಮದ ಬಗ್ಗೆಯೇ ತಿಳಿದವರಲ್ಲಿ ಒಮ್ಮತ ಇಲ್ಲದ ಕಡೆಗಳಿವೆ. ಸಿಲಿಂಡರಿನ ತಲೆ ಅಲ್ಯುಮಿನಿಯಂನದು. ಸುಮಾರು 200 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದರ ಗಟ್ಟಿತನ ಇಳಿಯತೊಡಗುತ್ತದೆ. ಇದಕ್ಕೆ ಯಾರ ತಕರಾರೂ ಇಲ್ಲ. ಎತ್ತರದಲ್ಲಿ ಬಿಸಿಯಾಗಿದ್ದ ಎಂಜಿನ್ನಿನ ಥ್ರಾಟಲನ್ನು ಒಮ್ಮೆಗೇ ಮುಚ್ಚಿ ತಣ್ಣನೆಯ ಗಾಳಿಯಲ್ಲಿ ಇಳಿದರೆ ಸಿಲಿಂಡರ್ ಸೀಳುತ್ತದೆಯೇ? ಹೌದು ಎಂದು ಪೈಲಟ್ಟುಗಳ ಒಂದು ತಲೆಮಾರು ಮುಂದಿನದಕ್ಕೆ ಹೇಳಿಕೊಟ್ಟಿತು. ಅದಕ್ಕೆ ಪುರಾವೆ ಸಾಲದು, ಸಿಲಿಂಡರನ್ನು ಕೊಲ್ಲುವುದು ಬಿಸಿಯೇ ಹೊರತು ತಂಪಲ್ಲ ಎಂದು ವಾದಿಸುವ ಅನುಭವಿ ಮೆಕ್ಯಾನಿಕ್ಕುಗಳಿದ್ದಾರೆ. ಮನುಷ್ಯರು ಹೀಗೆ ಅನುಮಾನ ಇಟ್ಟುಕೊಂಡೇ ಬದುಕಬಲ್ಲರು. ಪ್ರೋಗ್ರಾಮ್ ಬರೆಯುವವನಿಗೆ ಆ ಐಷಾರಾಮ ಇಲ್ಲ. ಅವನು ಒಂದು ಅಂಕಿ ಬರೆಯಲೇಬೇಕು, ಸೊನ್ನೆಯಾದರೂ ಸರಿ. ಬರೆದ ಗಳಿಗೆಯಲ್ಲಿ ಅವನು ಸ್ಮೃತಿಕಾರನಾದ.

ವಿಮಾನಯಾನ ಸಂಸ್ಥೆಗಳ ಪೈಲಟ್ಟುಗಳು ತರಬೇತಿ ಪಡೆಯುವ ದೊಡ್ಡ ಸಿಮ್ಯುಲೇಟರುಗಳಲ್ಲಿ ಸ್ಮೃತಿಯ ಗೊಡವೆ ಕಡಿಮೆ. ಹೈಡ್ರಾಲಿಕ್ ಅಥವಾ ವಿದ್ಯುತ್ ಕಾಲುಗಳ ಮೇಲೆ ನಿಂತು ಹೊಯ್ದಾಡುವ ಆ ಕೋಣೆಗಳು ಬೆಂಗಳೂರಿನಲ್ಲೂ ಇವೆ. ಅಲ್ಲಿ ಪೈಲಟ್ಟುಗಳ ಬೆನ್ನ ಹಿಂದೆ ಶಿಕ್ಷಕರು ಒಂದು ಪರದೆ ಹಿಡಿದು ಕೂತಿರುತ್ತಾರೆ. ಇನ್ನು ಟೇಕಾಫ್ ನಿಲ್ಲಿಸುವಂತಿಲ್ಲ ಎನ್ನುವ ವೇಗ ಬಂದೊಡನೆ ಅವರು ಒಂದು ಗುಂಡಿ ಒತ್ತುತ್ತಾರೆ, ಒಂದು ಎಂಜಿನ್ ಸಾಯುತ್ತದೆ. ಪೈಲಟ್ಟಿನ ಪಾಪ ಪುಣ್ಯಕ್ಕೂ ಅದಕ್ಕೂ ಸಂಬಂಧವಿಲ್ಲ. ಕಲಿಯಲಿ ಎಂಬುದೊಂದೇ ಉದ್ದೇಶ. ಫಲ ಕೊಡುವುದು ಕರ್ಮವೋ ಈಶ್ವರನೋ ಎಂಬ ಹಳೆಯ ತಕರಾರು ಇಲ್ಲಿ ಕುರ್ಚಿ ಮೇಜುಗಳ ರೂಪ ತಾಳಿ ನಿಂತಿದೆ. ಧರ್ಮವೇ ಫಲ ಕೊಡುತ್ತದೆ ಎಂದು ಮೀಮಾಂಸೆಯ ಜೈಮಿನಿ, ಈಶ್ವರನಿಂದಲೇ ಎಂದು ವೇದಾಂತದ ಬಾದರಾಯಣ. ಬ್ರಹ್ಮಸೂತ್ರದ ಮೂರನೆಯ ಅಧ್ಯಾಯದಲ್ಲಿ ಇಬ್ಬರ ಮತಗಳೂ ಅಕ್ಕಪಕ್ಕ ನಿಂತಿವೆ. ಜಡವಾದ ಅದೃಷ್ಟ ತಾನೇ ತಾನಾಗಿ ಸರಿಯಾದ ಹೊತ್ತಿಗೆ ಸರಿಯಾದವನ ಮೇಲೆ ಫಲಿಸುವುದು ಹೇಗೆ, ಮೇಲೊಬ್ಬ ಚೇತನ ಬೇಡವೇ ಎಂದು ಕೇಳಿದವನು ನೈಯಾಯಿಕ ಉದಯನ. ಆಕ್ಯು-ಸಿಮ್ ಜೈಮಿನಿಯ ಕಡೆಗೆ ವಾಲುತ್ತದೆ: ಬರೆದವರು ಮನೆಗೆ ಹೋಗಿ ಮಲಗಿದ ಮೇಲೂ ನಿಯಮ ತನ್ನಷ್ಟಕ್ಕೆ ನಡೆಯುತ್ತಿರುತ್ತದೆ. ತರಬೇತಿಯ ಕೋಣೆಯಲ್ಲಿ ಈಶ್ವರ ಕಾಫಿ ಕುಡಿಯುತ್ತ ಹಿಂದೆಯೇ ಕೂತಿದ್ದಾನೆ. ಅವನಿಗೆ ಪಕ್ಷಪಾತದ, ನಿರ್ದಯತೆಯ ಆರೋಪ ತಟ್ಟದಿರುವುದು ಒಂದೇ ಕಾರಣಕ್ಕೆ: ಅಲ್ಲಿ ಯಾರೂ ಸಾಯುವುದಿಲ್ಲ.

ನಿಜವಾದ ಆಕಾಶದಲ್ಲಿ ಸಾಯುತ್ತಾರೆ. ಕರ್ಮದ ಲೆಕ್ಕ ಕಷ್ಟವಾಗುವುದು ಅಲ್ಲೇ.

1989ರ ಜುಲೈ 19ರಂದು ಡೆನ್ವರಿನಿಂದ ಶಿಕಾಗೊಗೆ ಹೊರಟಿದ್ದ ಯುನೈಟೆಡ್ 232 ಎಂಬ ಡಿಸಿ-10 ವಿಮಾನದ ಬಾಲದ ಎಂಜಿನ್ನಿನಲ್ಲಿ ಮುಂಭಾಗದ ಫ್ಯಾನಿನ ಟೈಟೇನಿಯಂ ಚಕ್ರ ಒಡೆಯಿತು. ಚೂರುಗಳು ಮೂರೂ ಹೈಡ್ರಾಲಿಕ್ ವ್ಯವಸ್ಥೆಗಳನ್ನು ಬರಿದು ಮಾಡಿದವು. ರೆಕ್ಕೆಯ, ಬಾಲದ ಯಾವ ಹಲಗೆಯೂ ಅಲುಗದ ವಿಮಾನವನ್ನು ಕ್ಯಾಪ್ಟನ್ ಅಲ್ ಹೇನ್ಸ್ ಮತ್ತು ಜೊತೆಗಾರರು ಉಳಿದೆರಡು ಎಂಜಿನ್ನುಗಳ ಥ್ರಾಟಲ್ ಏರಿಸಿ ಇಳಿಸಿಯೇ ಸೂ ಸಿಟಿಯವರೆಗೆ ತಂದರು. ಇದ್ದ 296 ಜನರಲ್ಲಿ ನೂರಕ್ಕೂ ಹೆಚ್ಚು ಮಂದಿ ಸತ್ತರು, ಉಳಿದವರು ಬದುಕಿದರು. ತನಿಖೆ ಹಿಂದಕ್ಕೆ ಹಿಂದಕ್ಕೆ ಹೋಗಿ ನಿಂತದ್ದು 1971ರಲ್ಲಿ ತಯಾರಾದ ಆ ಚಕ್ರದ ಹುಟ್ಟಿನಲ್ಲಿ. ಟೈಟೇನಿಯಂ ಕರಗಿಸುವಾಗಲೇ ಒಳಗೆ ಸೇರಿಕೊಂಡ ಒಂದು ಸಣ್ಣ ಗಡಸು ಚುಕ್ಕೆ. ಅದರಿಂದ ಹುಟ್ಟಿದ ಬಿರುಕು ಪ್ರತಿ ಹಾರಾಟಕ್ಕೂ ಕಣ್ಣಿಗೆ ಕಾಣದಷ್ಟು ಬೆಳೆದದ್ದು. ತಪಾಸಣೆಯಲ್ಲಿ ಅದು ಕಣ್ತಪ್ಪಿದ್ದು. ಹುಟ್ಟಿನ ಹಿಂದಿನ ದೋಷ ಬದುಕಿನ ನಡುವೆ ಫಲಿಸಿದ್ದಕ್ಕೆ ಇದಕ್ಕಿಂತ ಶುದ್ಧವಾದ ಉದಾಹರಣೆ ಯಾವ ಪುರಾಣದಲ್ಲೂ ಸಿಗದು. ಕರ್ಮಸಿದ್ಧಾಂತಕ್ಕೆ ಇದು ನಿದರ್ಶನವೆಂದು ಹೇಳುವ ಹೊತ್ತಿಗೇ ಅದರ ಬುಡವೂ ಅಲುಗುತ್ತದೆ. ಮಾಡಿದವರು ಕುಲುಮೆಯ ಬಳಿ ಇದ್ದವರು, ಉಂಡವರು ಸೀಟಿನಲ್ಲಿ ಕೂತಿದ್ದವರು.

2010ರ ನವೆಂಬರ್ 4ರಂದು ಸಿಂಗಾಪುರ ಬಿಟ್ಟ ಕ್ವಾಂಟಸ್ 32ರ ಕಥೆಯೂ ಇದೇ ಜಾಡಿನದು, ಕೊನೆ ಮಾತ್ರ ಒಳ್ಳೆಯದು. ಎಣ್ಣೆ ಹರಿಯುವ ಒಂದು ಗಿಡ್ಡ ಕೊಳವೆಯ ತೂತು ಕಾರ್ಖಾನೆಯಲ್ಲಿ ತುಸು ಓರೆಯಾಗಿ ಕೊರೆಯಲ್ಪಟ್ಟಿತ್ತು. ಒಂದು ಬದಿ ತೆಳುವಾಯಿತು, ಬಿರುಕು ಬಿಟ್ಟಿತು, ಎಣ್ಣೆ ಸೋರಿ ಬೆಂಕಿ ಹತ್ತಿ ಟರ್ಬೈನಿನ ಚಕ್ರ ಸಿಡಿಯಿತು. ಎ380ರಲ್ಲಿದ್ದ 469 ಜನರೂ ಸುರಕ್ಷಿತವಾಗಿ ಇಳಿದರು.

'ಮಾಡಿದ್ದುಣ್ಣೋ ಮಹರಾಯ' ಎನ್ನುವ ನಮ್ಮ ಗಾದೆ ಒಬ್ಬನೇ ಮಾಡಿ ಒಬ್ಬನೇ ಉಣ್ಣುವ ಮನೆಗೆ ಸರಿ. ಎಂಜಿನ್ನಿನ ಮನೆ ಹಾಗಿಲ್ಲ. ಫ್ಲೈಯಿಂಗ್ ಕ್ಲಬ್ಬಿನ ವಿಮಾನವನ್ನು ಹತ್ತು ಜನ ಬಾಡಿಗೆಗೆ ಹಾರಿಸುತ್ತಾರೆ. ಅವರಲ್ಲಿ ಒಬ್ಬ ಸಿಲಿಂಡರ್ ಕಾಯಿಸಿ, ಏನೂ ಆಗದವನಂತೆ ಕೀಲಿ ತಿರುಗಿಸಿಟ್ಟು ಮನೆಗೆ ಹೋಗುತ್ತಾನೆ. ಕರ್ಮ ಅವನ ಬೆನ್ನು ಹತ್ತಿ ಹೋಗಲಿಲ್ಲ, ಲೋಹದಲ್ಲೇ ಉಳಿಯಿತು. ಮೂರು ವಾರದ ಮೇಲೆ ಅದು ಎದುರಾಗುವುದು ಕೀಲಿ ಹಿಡಿದು ಬರುವ ಬೇರೆ ಯಾರಿಗೋ. ಶಾಸ್ತ್ರಕಾರರು ದೋಷವೆಂದು ಹೆದರಿದ ಅಕೃತಾಭ್ಯಾಗಮ ಲೋಹದ ಲೋಕದಲ್ಲಿ ದಿನನಿತ್ಯದ ಸಂಗತಿ. ನೆನಪಿರುವ ಜಗತ್ತೂ ನ್ಯಾಯದ ಜಗತ್ತೂ ಒಂದೇ ಅಲ್ಲ ಎಂಬುದನ್ನು ಒಬ್ಬನೇ ಕೂತು ಒಂದೇ ವಿಮಾನ ಹಾರಿಸುವ ಸಿಮ್ಯುಲೇಟರ್ ಮರೆಮಾಚುತ್ತದೆ. ಅಲ್ಲಿ ಕರ್ತೃವೂ ಭೋಕ್ತೃವೂ ಒಬ್ಬನೇ ಆಗಿರುವುದು ತತ್ತ್ವದ ಬಲದಿಂದಲ್ಲ, ಆ ಕಂಪ್ಯೂಟರಿಗೆ ಇನ್ನೊಬ್ಬ ವಾರಸುದಾರ ಇಲ್ಲದ ಕಾರಣದಿಂದ.

ಅಪಘಾತ ಆದೊಡನೆ 'ಪೈಲಟ್ಟಿನ ತಪ್ಪು' ಎಂಬ ಮಾತು ಎಷ್ಟು ಬೇಗ ಬಾಯಿಗೆ ಬರುತ್ತದೆಯೋ, ಕಾಯಿಲೆ ಬಿದ್ದವರನ್ನು ಕಂಡು 'ಯಾವ ಜನ್ಮದ ಕರ್ಮವೋ' ಎಂಬ ಮಾತೂ ಅಷ್ಟೇ ಬೇಗ ಬರುತ್ತದೆ. ಎರಡೂ ಒಂದೇ ಗಿಡದ ಕಾಯಿ. ಅಪಘಾತ ತನಿಖೆಯ ಅಂತರರಾಷ್ಟ್ರೀಯ ನಿಯಮಗಳನ್ನು ಬರೆದವರಿಗೆ ಇದರ ಅಪಾಯ ಗೊತ್ತಿತ್ತು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಒಪ್ಪಂದದ 13ನೆಯ ಅನುಬಂಧ ತನಿಖೆಯ ಉದ್ದೇಶ ಒಂದೇ ಎನ್ನುತ್ತದೆ, ಇಂಥದ್ದು ಮತ್ತೆ ಆಗದಂತೆ ತಡೆಯುವುದು. ಯಾರ ಮೇಲಾದರೂ ತಪ್ಪು ಹೊರಿಸುವುದಲ್ಲ. ಕರ್ಮದ ಮಾತನ್ನು ಮುಂದಕ್ಕೆ ನೋಡಿ ತನಗೆ ತಾನೇ ಹೇಳಿಕೊಂಡರೆ ಅದರಲ್ಲಿ ಎಚ್ಚರವಿದೆ, ಹೊಣೆಯಿದೆ. ಹಿಂದಕ್ಕೆ ನೋಡಿ, ಬಿದ್ದ ಇನ್ನೊಬ್ಬರ ಕಡೆ ಬೆರಳು ಮಾಡಿ ಹೇಳಿದರೆ ಅದೇ ಮಾತು ಕ್ರೌರ್ಯವಾಗುತ್ತದೆ. ಸಿದ್ಧಾಂತ ಬದಲಾಗಿಲ್ಲ, ಮುಖ ಮಾಡಿದ ದಿಕ್ಕು ಬದಲಾಗಿದೆ.

ಯಾರದೋ ತಪ್ಪು ಯಾರಿಗೋ ತಟ್ಟುವುದು ಲೋಕದ ರೀತಿಯಾದರೆ ಒಳ್ಳೆಯ ಸಿಮ್ಯುಲೇಟರ್ ದಾಳವನ್ನು ಪೂರ್ತಿ ಎಸೆಯಬಾರದು ಎಂದಾಯಿತು. ಎಷ್ಟೇ ಜತನದಿಂದ ಹಾರಿಸಿದರೂ ಲಕ್ಷಕ್ಕೊಂದು ಸಲ ಕಾರಣ ತಿಳಿಯದ ಹಾಗೆ ಏನೋ ಕೆಡಬೇಕು. ಅದು ಯಾವ ಕುಲುಮೆಯ ಚುಕ್ಕೆಯೋ ಎಂದು ಹಾರಿಸುವವನು ತಲೆ ಕೆರೆದುಕೊಳ್ಳಬೇಕು. ಸವೆತ ಮತ್ತು ದಾಳ ಎರಡನ್ನೂ ಬೆರೆಸಿದ ವಿಮಾನಗಳು ಬಂದಿವೆ. ಸವೆದ ಭಾಗಕ್ಕೆ ದಾಳ ಹೆಚ್ಚು ಸಲ ಬೀಳುವಂತೆ ಲೆಕ್ಕ ಇಡುವುದು ಈಗ ಈ ಕಸುಬಿನವರ ವಾಡಿಕೆ. ದೈವ ಮತ್ತು ಪುರುಷಪ್ರಯತ್ನ ಬಂಡಿಯ ಎರಡು ಗಾಲಿ ಎನ್ನುತ್ತಿದ್ದ ಹಿರಿಯರಿಗೆ ಇದು ಹೊಸತೆನಿಸಲಾರದು.

ಇನ್ನುಳಿದದ್ದು ಪ್ರಾಯಶ್ಚಿತ್ತ. ಈ ವಿಮಾನಗಳಲ್ಲಿ ದುರಸ್ತಿಯ ಗುಂಡಿ ಇರುತ್ತದೆ. ಒತ್ತಿದರೆ ಎಂಜಿನ್ ಮತ್ತೆ ಹೊಸದು. ಸಂಚಿತವೆಲ್ಲ, ಅಂದರೆ ಕೂಡಿಬಿದ್ದ ಕರ್ಮವೆಲ್ಲ, ಒಂದೇ ಏಟಿಗೆ ಭಸ್ಮ. ಜ್ಞಾನ ಬಂದ ಮೇಲೂ ಫಲ ಕೊಡಲು ಶುರುಮಾಡಿದ ಪ್ರಾರಬ್ಧ ಮಾತ್ರ ಉಳಿಯುತ್ತದೆ, ಕೈ ತೆಗೆದ ಮೇಲೂ ಕುಂಬಾರನ ಚಕ್ರ ತಿರುಗುವ ಹಾಗೆ ಎಂದು ಶಂಕರರು ಹೇಳಿದ್ದರು. ಪೆಟ್ರೋಲ್ ನಿಂತ ಮೇಲೂ ಎದುರುಗಾಳಿಗೆ ಪ್ರೊಪೆಲ್ಲರ್ ತಿರುಗುತ್ತಲೇ ಇರುವುದನ್ನು ಕಂಡವರಿಗೆ ಆ ಮಾತು ತಟ್ಟನೆ ಅರ್ಥವಾಗುತ್ತದೆ. ಗುಂಡಿ ಒತ್ತುವುದು ಅಷ್ಟು ಸುಲಭವಿರುವಾಗ ಒತ್ತದೆ ಇರುವವರೂ ಇದ್ದಾರೆ ಎಂಬುದು ಸೋಜಿಗ. ಅವರು ಗುಂಡಿಯ ಬದಲು ಹ್ಯಾಂಗರಿಗೆ ಹೋಗಿ ಕಂಪ್ರೆಷನ್ ಪರೀಕ್ಷೆ ಮಾಡುತ್ತಾರೆ. ಅಸಲಿ ಮೆಕ್ಯಾನಿಕ್ ಮಾಡುವ ಕೆಲಸವೇ: ಒಂದೊಂದೇ ಸಿಲಿಂಡರಿಗೆ 80 ಪೌಂಡ್ ಒತ್ತಡದ ಗಾಳಿ ಕೊಟ್ಟು ಎಷ್ಟು ನಿಲ್ಲುತ್ತದೆ, ಎಷ್ಟು ಸೋರುತ್ತದೆ ಎಂದು ಕಿವಿಗೊಟ್ಟು ಕೇಳುವುದು. ಎಕ್ಸಾಸ್ಟ್ ಕೊಳವೆಯಲ್ಲಿ ಸುಯ್ ಎಂದರೆ ವಾಲ್ವಿನ ತಾಪತ್ರಯ, ಎಣ್ಣೆ ಹಾಕುವ ಬಾಯಿಯಲ್ಲಿ ಸುಯ್ ಎಂದರೆ ಪಿಸ್ಟನ್ ರಿಂಗಿನದು. ಎಣ್ಣೆಯ ಫಿಲ್ಟರನ್ನು ಕೊಯ್ದು, ಮಡಿಕೆಗಳನ್ನು ಬಿಡಿಸಿ, ಲೋಹದ ಮಿಣುಕು ಇದೆಯೇ ಎಂದು ಬೆಳಕಿಗೆ ಹಿಡಿದು ನೋಡುತ್ತಾರೆ. ಸತ್ತ್ವದಲ್ಲಿರುವುದನ್ನು ಉದಯಕ್ಕೆ ಮೊದಲೇ ಓದುವ ವಿದ್ಯೆ ಅದು.

ಐದು ಸಿಲಿಂಡರುಗಳು 75ರ ಆಸುಪಾಸಿನಲ್ಲಿ ನಿಂತು ನಾಲ್ಕನೆಯದು ಮಾತ್ರ 62 ತೋರಿಸಿತು ಎನ್ನಿ. ಹಾರಲಾಗದು ಎನ್ನುವಷ್ಟು ಕೆಟ್ಟಿಲ್ಲ, ಮರೆತುಬಿಡುವಷ್ಟು ಚೆನ್ನಾಗಿಯೂ ಇಲ್ಲ. ಈಗಲೇ ಬಿಚ್ಚಿದರೆ ಖರ್ಚು. ಬಿಟ್ಟರೆ ಇನ್ನೂ ಇನ್ನೂರು ಗಂಟೆ ಓಡಬಹುದು, ಇಪ್ಪತ್ತಕ್ಕೇ ನಿಲ್ಲಲೂಬಹುದು. ಮೆಕ್ಯಾನಿಕ್ ಅಂಕಿಯನ್ನು ಲಾಗ್ ಪುಸ್ತಕದಲ್ಲಿ ಬರೆದು, ಎಂಜಿನ್ ಬಿಸಿಯಿದ್ದಾಗ ಇನ್ನೊಮ್ಮೆ ನೋಡೋಣ ಎಂದು ಪ್ರೊಪೆಲ್ಲರನ್ನು ಕೈಯಿಂದ ಮೆಲ್ಲಗೆ ತಿರುಗಿಸುತ್ತಾನೆ.